ಕೊಬ್ಬರಿ ಮಿಠಾಯಿಯ ಬಿಯರು

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಮಹಾಂತೇಶರು ಜೀವಮಾನದಲ್ಲಿ ಮದ್ಯವನ್ನು ಮೂಸಿಯೂ ನೋಡಿದವರಲ್ಲ. ಆದರೆ ಬೆಂಗಳೂರಿನ ಗಿರಾಕಿಯೊಬ್ಬ ಅವರ ಕೊಬ್ಬರಿಗೆ ಬೆಲ್ಲ, ಏಲಕ್ಕಿ ಸೇರಿಸಿ ಖಡಕ್ ಬಿಯರು ತಯಾರಿಸಿ, ಒಂದು ಬಾಟಲಿಯನ್ನು ಕಳುಹಿಸಿಕೊಟ್ಟಾಗ, ತಮ್ಮ ಸರಕು ಏನಾಗಿದೆಯೆಂದು ರುಚಿ ನೋಡುವ ಆಸೆ ಅವರನ್ನು ಬಿಡಲಿಲ್ಲ. ತೊಡಕೆಂದರೆ, ಅಂಥದ್ದು ಹೊಸ್ತಿಲು ದಾಟಬಾರದೆಂಬುದು ಹೆಂಡತಿ ಹೇಮಲತಾ ಅವರ ಕಟ್ಟಪ್ಪಣೆ.

ಮಹಾಂತೇಶರು ಲೇಬಲ್ಲು ಕೆರೆದು ತೆಗೆದು, ಬಾಟಲಿಯನ್ನು ಧೈರ್ಯವಾಗಿ ಅಡುಗೆಮನೆಗೇ ತಂದರು.

"ಏನ್ರೀ ಅದು?"

"ಕೊಬ್ಬರಿ ಮಿಠಾಯಿ ರಸ ಕಣೇ. ಗಿರಾಕಿ ಕಳ್ಸವ್ನೆ."

ಹೇಮಲತಾ ಮುಚ್ಚಳ ಕಿತ್ತು ಮೂಸಿದರು. ಹುರಿದ ಕೊಬ್ಬರಿಯ, ಬೆಲ್ಲದ ಪಾಕದ ಘಮ ಅಡುಗೆಮನೆಯನ್ನೆಲ್ಲ ತುಂಬಿತು.

"ಸಿಹಿ ಅಂದ್ಮೇಲೆ ನಾವಿಬ್ರೇ ಕುಡೀಬಾರ್ದು. ದೊಡ್ಡಪ್ನೋರಿಗೆ ಒಂದ್ ಲೋಟ ಕೊಟ್ಟು ಬತ್ತೀನಿ."

ಪಕ್ಕದ ಮನೆಯ ದೊಡ್ಡಪ್ಪ ದೇವೀರಪ್ಪನವರು ಆಗಷ್ಟೇ ಶಿವಪೂಜೆ ಮುಗಿಸಿ ವಿಭೂತಿ ಧರಿಸಿ ಕುಳಿತಿದ್ದರು. ಹೇಮಲತಾ ಲೋಟ ತುಂಬಿಸಿಕೊಂಡು ಹೊರಟೇಬಿಟ್ಟರು. ಮಹಾಂತೇಶರು ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತರು.

"ಬ್ಯಾಡ ಕಣೇ! ಅದು ಬಿಯರು!"

"ನೊರೆ ನೋಡಿದ್ರೆ ಗೊತ್ತಾಗಲ್ವೇನ್ರೀ? ನಿಮ್ ಬಾಯಿಂದ್ಲೇ ಬರ್ಲಿ ಅಂತಿದ್ದೆ," ಎಂದು ಹೇಮಲತಾ ನಗು ತಡೆಯಲಾರದೆ ಲೋಟವನ್ನು ಗಂಡನ ಕೈಗಿತ್ತರು. "ನಿಮ್ ಕೊಬ್ಬರಿ ಅಂತ ಒಂದು ಗುಟುಕು. ಉಳಿದಿದ್ದು ಬಚ್ಚಲಿಗೆ."

ಮಹಾಂತೇಶರು ಕಣ್ಣು ಮುಚ್ಚಿ ಗುಟುಕರಿಸಿದರು. ಮೊದಲು ಮಿಠಾಯಿಯ ಸವಿ ಬಂತು, ಹಿಂದೆಯೇ ಕಹಿ, ಆಮೇಲೆ ಎದೆಗಿಳಿಯುವ ಬಿಸಿ.

"ಹೆಂಗೈತೆ?"

"ಕೊಬ್ಬರಿಯೇನೋ ನಮ್ದೇ ಅನ್ಸುತ್ತೆ," ಎಂದು ಮಹಾಂತೇಶರು ಲೋಟವನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಆದ್ರೆ ಖಾತ್ರಿಯಾಗ್ಬೇಕು ಅಂದ್ರೆ ಇನ್ನೊಂದು ಗುಟುಕು ಬೇಕು ಕಣೇ."