ಗೊಜ್ಜು ಟ್ಯೂನಿನ ಮೇಷ್ಟ್ರು

ಕಳೆದ ತಿಂಗಳು ನೆಂಟರ ಮನೆಯಿಂದ ವಾಪಸು ಬರುವಾಗ ಬಸ್ಸು ಕಟ್ಟೆಮಳಲವಾಡಿ ದಾಟುತ್ತಿತ್ತು. ಕಿಟಕಿಯಿಂದ ಹೊಗೆಸೊಪ್ಪು ಹದವಾಗುವ ವಾಸನೆ ಒಳಗೆ ನುಗ್ಗಿತು. ಸ್ವಲ್ಪ ಬೆಲ್ಲ ಕಾಸಿದ ಹಾಗೆ, ಸ್ವಲ್ಪ ಒಣಹುಲ್ಲಿನ ಹಾಗೆ… ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನನಗೆ ಮಾತ್ರ ನಮ್ಮ ಬ್ಯಾಂಡಿನ ಮೇಷ್ಟ್ರ ನೆನಪಾಯಿತು.

ಎಪ್ಪತ್ತರ ದಶಕದ ನಡುಗಾಲ ಅದು. ಹುಣಸೂರಿನ ಒಂದು ಮದುವೆ ಬ್ಯಾಂಡಿನಲ್ಲಿ ನಾನು ಕ್ಲಾರಿನೆಟ್ ಊದುತ್ತಿದ್ದೆ. ಮೆರವಣಿಗೆಗೆ ಸಿನಿಮಾ ಹಾಡು, ಧಾರೆಗೆ ಒಂದು ದೇವರನಾಮ, ಊಟದ ಹೊತ್ತಿಗೆ ಮತ್ತೆ ಸಿನಿಮಾ ಹಾಡು. ನಮ್ಮ ಸಂಗೀತವೆಲ್ಲ ಅಷ್ಟೇ. ಕೆಂಪು ಕೋಟಿನೊಳಗೆ ಬೇಯುತ್ತಾ ಊರೂರು ಅಲೆಯುತ್ತಿದ್ದೆವು. ಅಂಥ ಬ್ಯಾಂಡಿಗೆ ಒಂದು ದಿನ ಮೇಷ್ಟ್ರು ಬಂದು ಸೇರಿದರು.

ಕೆ.ಆರ್. ನಗರದ ಕಡೆಯವರು. ಚಿಕ್ಕ ವಯಸ್ಸಿನಲ್ಲೇ ಮನೆ ಬಿಟ್ಟು ಬೊಂಬಾಯಿಗೆ ಹೋಗಿ, ಗೋವಾದವರೊಬ್ಬರ ಹತ್ತಿರ ಟ್ರಂಪೆಟ್ ಕಲಿತು, ದೊಡ್ಡ ಹೋಟೆಲುಗಳ ಡ್ಯಾನ್ಸ್ ಬ್ಯಾಂಡಿನಲ್ಲಿ ಬಹಳ ವರ್ಷ ಊದಿದ್ದರು. ತಾಯಿ ಹಾಸಿಗೆ ಹಿಡಿದರು ಅಂತ ಊರಿಗೆ ಬಂದವರು, ತಾಯಿಯ ಆರೈಕೆಯಲ್ಲೇ ನಿಂತುಬಿಟ್ಟರು. ಮದುವೆ ಆಗಿರಲಿಲ್ಲ. ತೆಳ್ಳಗಿನ ಆಳು, ನಕ್ಕರೆ ಮುಂದಿನ ಹಲ್ಲು ಪಳಪಳ ಹೊಳೆಯುತ್ತಿದ್ದವು.

ನಮ್ಮ ಅಭ್ಯಾಸ ನಡೆಯುತ್ತಿದ್ದದ್ದು ಕಟ್ಟೆಮಳಲವಾಡಿಯಲ್ಲಿ, ಡ್ರಮ್ಮು ಬಾರಿಸುವವನ ಮಾವನ ಬ್ಯಾರನ್ನಿನೊಳಗೆ. ಹೊಗೆಸೊಪ್ಪು ಹದ ಮಾಡುವ ಆ ಎತ್ತರದ ಗೂಡು ಮದುವೆಯ ಕಾಲದಲ್ಲಿ ಖಾಲಿ ಇರುತ್ತಿತ್ತು. ಎಲೆ ಇಲ್ಲದಿದ್ದರೂ ವಾಸನೆ ಗೋಡೆಗೆ ಹತ್ತಿಕೊಂಡಿರುತ್ತಿತ್ತು. ಅಲ್ಲಿ ಒಂದು ಬೆಳಗ್ಗೆ ಮೇಷ್ಟ್ರು ಕ್ಲಾರಿನೆಟ್ಟು, ಡ್ರಮ್ಮು ಎಲ್ಲವನ್ನೂ ಕೆಳಗಿಡಿಸಿ, ಎರಡು ಕೋಲಾಟದ ಕೋಲು ತೆಗೆದು ತಟ್ಟತೊಡಗಿದರು. ಟಕ್… ಟಕ್… ಟಕ್. ಒಂದು ಗಳಿಗೆ ಸುಮ್ಮನಿದ್ದು, ಟಕ್ ಟಕ್. ಮತ್ತೆ ಅದೇ.

"ಇದೇನ್ ಮೇಷ್ಟ್ರೇ, ಕುಂಟ್ಕೊಂಡ್ ನಡ್ದಂಗದೆ?" ಅಂದ ಡ್ರಮ್ಮಿನವನು.

"ಕುಂಟಾಟ ಅಲ್ಲ ಕಣ್ಲಾ, ಸೊಂಟ ಅಲ್ಲಾಡ್ಸೋ ತಾಳ. ಸಾಲ್ಸಾ ಅಂತಾರೆ. ಅಂಗಂದ್ರೆ ಸ್ಪೇನಿನವರ ಭಾಸೇಲಿ ಗೊಜ್ಜು."

ನಾವೆಲ್ಲ ನಕ್ಕೆವು. ಅವರೂ ನಕ್ಕರು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಸಮುದ್ರದಾಚೆ ಕಬ್ಬು ಬೆಳೆಯುವ ದ್ವೀಪಗಳಿವೆ. ಆ ಗದ್ದೆಗಳಿಗೆ ಆಫ್ರಿಕಾದಿಂದ ಹಿಡಿದು ತಂದ ಜನ ತಮ್ಮ ಡೋಲನ್ನು ಮರೆಯಲಿಲ್ಲ. ಸ್ಪೇನಿನಿಂದ ಬಂದ ದೊರೆಗಳು ಗಿಟಾರು, ಹಾಡು ತಂದರು. ಅದರಿಂದ ಸೋನ್ ಅನ್ನುವ ಹಾಡಿನ ಬಗೆ ಹುಟ್ಟಿತು, ರುಂಬಾ, ಮಾಂಬೊ, ಚಾಚಾಚಾ ಕುಣಿತಗಳು ಹುಟ್ಟಿದವು. ಆ ದ್ವೀಪಗಳ ಜನ ಹೊಟ್ಟೆಪಾಡಿಗೆ ನ್ಯೂಯಾರ್ಕಿಗೆ ಹೋದಾಗ ಎಲ್ಲವೂ ಒಂದೇ ಬಾಣಲೆಗೆ ಬಿದ್ದು ಕುದಿಯಿತು. ಹಡಗಿನ ಜನ ತರುತ್ತಿದ್ದ ರೆಕಾರ್ಡು ಕೇಳಿ ಕೇಳಿ ಮೇಷ್ಟ್ರು ಅದನ್ನು ಕಿವಿಯಿಂದಲೇ ಕಲಿತಿದ್ದರು. "ಹುಳಿ, ಖಾರ, ಬೆಲ್ಲ ಎಲ್ಲಾ ಬೇರೆ ಬೇರೆ ಕಾಣ್ಬೇಕು ಕಣ್ರಲಾ, ಆದ್ರೂ ಒಂದೇ ರುಚಿ ಆಗ್ಬೇಕು," ಅನ್ನುತ್ತಿದ್ದರು. ಅಂದಿನಿಂದ ನಮ್ಮ ಬಾಯಲ್ಲಿ ಅದು ಗೊಜ್ಜು ಟ್ಯೂನು.

ಮೊದಲ ಸಲ ಜನರ ಮುಂದೆ ಬಾರಿಸಿದ್ದು ಹಾರನಹಳ್ಳಿಯ ಒಂದು ಮದುವೆಯಲ್ಲಿ. ಜನ ಸ್ವಲ್ಪ ಹೊತ್ತು ಮಿಕಿಮಿಕಿ ನೋಡುತ್ತಾ ನಿಂತರು. ಇನ್ನೇನು ನಿಲ್ಲಿಸಿ ಅಂತ ಬೈಯುತ್ತಾರೆ ಅಂದುಕೊಂಡೆ. ಅಷ್ಟರಲ್ಲಿ ಹೆಣ್ಣಿನ ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಇದ್ಯಾವ್ ಪದವೋ ಕಾಣೆ ಕಣ್ರವ್ವಾ, ಕಾಲು ನಿಲ್ತಾ ಇಲ್ಲ," ಅಂತ ನಡುಬೀದಿಗೆ ಇಳಿದುಬಿಟ್ಟಳು. ಅವಳ ಹಿಂದೆ ಊರೇ ಇಳಿಯಿತು. ಆಮೇಲೆ ಎಲ್ಲಿ ಹೋದರೂ ಅದೇ ಕೇಳುತ್ತಿದ್ದರು. ಮೇಷ್ಟ್ರು ಕಣ್ಣು ಮುಚ್ಚಿ ಟ್ರಂಪೆಟ್ಟನ್ನು ಆಕಾಶಕ್ಕೆ ಎತ್ತಿ ಊದಿದರೆ, ಹಿಂದಿದ್ದ ನಮಗೂ ನೆಲ ಒಂದು ಗೇಣು ಕೆಳಗೆ ಹೋದ ಹಾಗಾಗುತ್ತಿತ್ತು…

ಅವರ ತಾಯಿ ತೀರಿಕೊಂಡ ವರ್ಷ, ಬೊಂಬಾಯಿಯಿಂದ ಹಳೆಯ ಸ್ನೇಹಿತರೊಬ್ಬರು ಹುಡುಕಿಕೊಂಡು ಬಂದರು. ಸ್ಯಾಕ್ಸೊಫೋನ್ ನುಡಿಸುವವರು. ಹಡಗಿನ ಬ್ಯಾಂಡೊಂದಕ್ಕೆ ಟ್ರಂಪೆಟ್ ಬೇಕಾಗಿತ್ತು. ಆ ಹಡಗು ಅದೇ ದ್ವೀಪಗಳ ಕಡೆಗೆ ಹೋಗುವುದಿತ್ತು. ಮೇಷ್ಟ್ರು ಆ ದಿನ ಮಗುವಿನ ಹಾಗಾದರು. ನನ್ನ ಹೆಗಲ ಮೇಲೆ ಕೈಹಾಕಿ, "ಈ ಟ್ಯೂನು ಹುಟ್ಟಿದ್ ನೆಲದ್ ಮ್ಯಾಲೆ ನಿಂತ್ಕಂಡು ಒಂದ್ಸಲ ಕೇಳ್ಬೇಕು ಕಣ್ಲಾ. ಊದೋದಿರಲಿ, ಕೇಳಿದ್ರೆ ಸಾಕು," ಅಂದರು.

ಸ್ನೇಹಿತರು ಜೊತೆಯಲ್ಲೇ ಕರೆದೊಯ್ಯಲು ನೋಡಿದರು. ಆದರೆ ಹ್ಯಾಂಡ್‌ಪೋಸ್ಟ್ ಅನ್ನುವ ಊರಿನ ಹತ್ತಿರದ ಒಂದು ಮದುವೆಯಲ್ಲಿ ಬಾರಿಸಲು ಮೇಷ್ಟ್ರು ಒಪ್ಪಿಕೊಂಡಿದ್ದರು. "ಮಾತ್ ಕೊಟ್ಟಿವ್ನಿ. ಅದೊಂದು ಮುಗಿಸ್ಕಂಡು ಬತ್ತೀನಿ, ನೀವ್ ಮುಂದೆ ಓಗಿರಿ," ಅಂದು ಬಸ್ಸು ಹತ್ತಿಸಿ ಬಂದರು.

ಆ ಮದುವೆಯ ಮೆರವಣಿಗೆ ಮಧ್ಯಾಹ್ನ ಹೊರಟಿತು. ಚಪ್ಪರದ ಕೆಲಸಕ್ಕೆ ಬಂದಿದ್ದ ಕಾಡಂಚಿನ ಹಾಡಿಯ ಬುಡಕಟ್ಟು ಜನ ತಮ್ಮ ಡೋಲು ತಂದಿದ್ದರು. ನಮ್ಮ ಗೊಜ್ಜು ಟ್ಯೂನು ಕೇಳಿ ಅವರೂ ಬಾರಿಸುತ್ತಾ ಒಳಗೆ ಸೇರಿಕೊಂಡರು. ಅವರ ಪೆಟ್ಟು ನಮ್ಮ ತಾಳದ ಸಂದಿಗೆ ಹೋಗಿ ಕೂತಿತು. ಮೇಷ್ಟ್ರು ಹಿಂದಕ್ಕೆ ತಿರುಗಿ, ಹುಬ್ಬು ಏರಿಸಿ, ಬಾಯಿಂದ ಟ್ರಂಪೆಟ್ ತೆಗೆಯದೆ ಕಣ್ಣಲ್ಲೇ ನಕ್ಕರು. ಅಷ್ಟು ಸಂತೋಷ ಅವರ ಮುಖದಲ್ಲಿ ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಇಡೀ ರಸ್ತೆ ಕುಣಿಯುತ್ತಿತ್ತು.

ಮದುವೆ ಗಂಡಿನ ಸೋದರತ್ತೆಯ ಮಗನೊಬ್ಬ ಮೈಮರೆತು ಕುಣಿಯುತ್ತಿದ್ದ. ಹಿಂದುಹಿಂದಕ್ಕೆ ಜಿಗಿಯುತ್ತಾ ಬಂದವನ ಭುಜ ಟ್ರಂಪೆಟ್ಟಿನ ಬಾಯಿಗೆ ಬಡಿಯಿತು. ಹಿಂದಿದ್ದ ನಮಗೆ ಏನಾಯಿತು ಅಂತ ತಿಳಿಯಲೇ ಇಲ್ಲ. ಟ್ರಂಪೆಟ್ ನಿಂತ ಮೇಲೂ ನಾವು ಬಾರಿಸುತ್ತಲೇ ಇದ್ದೆವು, ಜನ ಕುಣಿಯುತ್ತಲೇ ಇದ್ದರು. ಮೇಷ್ಟ್ರು ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ರಸ್ತೆಯಲ್ಲಿ ಕುಸಿದು ಕೂತಾಗಲೇ ಗೊತ್ತಾದದ್ದು. ತುಟಿ ಸೀಳಿತ್ತು. ಮುಂದಿನ ಹಲ್ಲುಗಳು ಮುರಿದಿದ್ದವು.

ಮಾರನೆಯ ದಿನ ಆ ಯುವಕ ಆಸ್ಪತ್ರೆಗೆ ಬಂದು ಕಾಲು ಹಿಡಿದುಕೊಂಡು ಅತ್ತ. ಮೇಷ್ಟ್ರು ಅವನ ತಲೆ ಮೇಲೆ ಕೈಯಿಟ್ಟರು. ಬಾತ ತುಟಿಯಲ್ಲಿ ಮಾತು ತೊದಲುತ್ತಿತ್ತು. "ಕುಣೀಲಿ ಅಂತಾನೇ ಅಲ್ವೇನಪ್ಪಾ ನಾನು ಊದಿದ್ದು? ನೀನು ಕುಣ್ದೆ. ಬುಡು."

ಅವನು ಹೋದ ಮೇಲೆ ಗೋಡೆ ಕಡೆ ಹೊರಳಿ ಮಲಗಿದರು.

ಹಡಗು ಬೇರೆ ಯಾರನ್ನೋ ಹತ್ತಿಸಿಕೊಂಡು ಹೋಯಿತು. ಗಾಯ ಮಾದ ಮೇಲೆ ಮೈಸೂರಿನಲ್ಲಿ ಹಲ್ಲು ಕಟ್ಟಿಸಿಕೊಂಡು ಬಂದು, ಬ್ಯಾರನ್ನಿನೊಳಗೆ ನಮ್ಮೆದುರಿಗೇ ಊದಿ ನೋಡಿದರು. ಬರೀ ಗಾಳಿ ಬಂತು. ಮತ್ತೆ ಊದಿದರು. ನಡುವೆ ಒಂದು ಸ್ವರ ಹೇಗೋ ಎದ್ದು, ಒಡೆದುಹೋಯಿತು. ಟ್ರಂಪೆಟ್ಟನ್ನು ಬಟ್ಟೆಯಲ್ಲಿ ಸುತ್ತಿಟ್ಟು, "ಬಾರಿಸ್ರಲಾ, ಯಾಕ್ ನಿಂತ್ರಿ?" ಅಂದರು.

ಆಮೇಲೂ ಕೆಲವು ಕಾಲ ಬ್ಯಾಂಡಿನಲ್ಲಿದ್ದರು. ಒಣಗಿದ ಸೋರೆಬುರುಡೆಯೊಳಗೆ ಕಾಳು ತುಂಬಿ ಅಲ್ಲಾಡಿಸುತ್ತಾ ಕೊನೆಯ ಸಾಲಿನಲ್ಲಿ ನಡೆಯುತ್ತಿದ್ದರು. ಬೇರೊಬ್ಬ ಟ್ರಂಪೆಟ್ಟಿನವನನ್ನು ತಂದು ಕಲಿಸಲು ಒದ್ದಾಡಿದರು. ಸ್ವರ ಬಾಯಲ್ಲಿ ಹೇಳಿಕೊಟ್ಟರೂ ಅದರ ತುಳುಕಾಟ ಅವನಿಗೆ ಹತ್ತಲಿಲ್ಲ. ಸ್ವಲ್ಪಸ್ವಲ್ಪವಾಗಿ ನಾವು ಸಿನಿಮಾ ಹಾಡಿಗೇ ಮರಳಿದೆವು. ಗೊಜ್ಜು ಟ್ಯೂನು ಬಾರಿಸಿ ಅಂತ ಜನ ಕೇಳಿದರೆ ಮೇಷ್ಟ್ರು ನೆಲ ನೋಡುತ್ತಿದ್ದರು… ಒಂದು ಮಳೆಗಾಲ ತಂಗಿಯ ಮನೆಗೆ ಹೋಗಿಬರುತ್ತೇನೆ ಅಂತ ಕೆ.ಆರ್. ನಗರಕ್ಕೆ ಹೋದವರು ತಿರುಗಿ ಬರಲಿಲ್ಲ. ಹೋಗಿಬಿಟ್ಟರು ಅನ್ನುವ ಸುದ್ದಿ ನಮ್ಮನ್ನು ಮುಟ್ಟುವಾಗ ತಿಥಿಯೂ ಮುಗಿದಿತ್ತು.

ನಮ್ಮ ಬ್ಯಾಂಡಿನ ಒಂದು ಫೋಟೋ ಮನೆಯಲ್ಲಿದೆ. ಮೇಷ್ಟ್ರು ಮುಂದಿನ ಸಾಲಿನಲ್ಲಿ ಟ್ರಂಪೆಟ್ ಹಿಡಿದು ನಿಂತಿದ್ದಾರೆ. ಆದರೆ ಅವರು ಊದಿದ್ದನ್ನು ಯಾರೂ ರೆಕಾರ್ಡು ಮಾಡಿಟ್ಟುಕೊಳ್ಳಲಿಲ್ಲ. ಆ ಟ್ಯೂನುಗಳ ಹೆಸರು ಕೂಡ ನನಗೆ ಗೊತ್ತಿಲ್ಲ.

ಮೊಮ್ಮಗಳು ಮೈಸೂರಿನಲ್ಲಿ ಸಾಲ್ಸಾ ಡ್ಯಾನ್ಸ್ ಕ್ಲಾಸಿಗೆ ಸೇರಿದ್ದಾಳೆ. ಮೊನ್ನೆ ಫೋನಿನಲ್ಲಿ ಹಾಕಿ ತೋರಿಸಿದಳು. "ಇದನ್ನ ನಾವು ಹ್ಯಾಂಡ್‌ಪೋಸ್ಟಲ್ಲಿ ಬಾರಿಸಿದ್ವಿ ಕಣವ್ವಾ," ಅಂದೆ. "ಸುಮ್ನಿರಿ ತಾತ," ಅಂತ ನಕ್ಕಳು. ಅದರಲ್ಲಿದ್ದ ಟ್ರಂಪೆಟ್ ಚೆನ್ನಾಗಿತ್ತು, ಬಹಳ ಚೆನ್ನಾಗಿತ್ತು. ಮೇಷ್ಟ್ರದ್ದು ಹೇಗಿತ್ತು ಅಂತ ಹೇಳಲು ಹೊರಟೆ, ಆಗಲಿಲ್ಲ. ಆ ಬ್ಯಾಂಡಿನವರಲ್ಲಿ ಈಗ ಉಳಿದಿರುವವನು ನಾನೊಬ್ಬನೇ. ಅವರು ಊದಿದ್ದು ಇನ್ನು ನನ್ನ ಕಿವಿಯಲ್ಲಿ ಮಾತ್ರ ಇದೆ. ಎಡಗಿವಿ ಆಗಲೇ ಹೋಗಿದೆ, ಬಲಗಿವಿಯೂ ಮಂದವಾಗುತ್ತಿದೆ.