ಸೂರ್ಯ ಮುಳುಗುವ ಕಡಲು

ಮದರಾಸಿಗೆ ಬಂದ ಮರುದಿನ ಬೆಳಗಿನ ಜಾವ ಮಾವಯ್ಯ ನನ್ನನ್ನು ಎಬ್ಬಿಸಿ ಕಡಲ ಕರೆಗೆ ಕರೆದುಕೊಂಡು ಹೋದರು. ತಿರುವಲ್ಲಿಕೇಣಿಯ ನಮ್ಮ ಹೋಟೆಲಿನಿಂದ ಅದೇನು ದೂರವಲ್ಲ. ಮರಳಿನ ಮೇಲೆ ನಿಂತು ನೋಡುತ್ತೇನೆ, ಸೂರ್ಯ ನೀರಿನೊಳಗಿಂದ ಮೇಲಕ್ಕೆ ಬರುತ್ತಿದ್ದಾನೆ! ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದೆ. ಕೋಟದ ಹತ್ತಿರದ ನಮ್ಮೂರಿನಲ್ಲಿ ಹುಟ್ಟಿ ಹತ್ತೊಂಬತ್ತು ವರ್ಷ ಬೆಳೆದವನು ನಾನು. ಸೂರ್ಯ ಗುಡ್ಡೆಯ ಹಿಂದಿನಿಂದ ಎದ್ದು ಸಂಜೆ ಕಡಲಿಗೆ ಇಳಿಯುವುದನ್ನು ಮಾತ್ರ ಕಂಡಿದ್ದೆ. ಇಲ್ಲಿ ಎಲ್ಲವೂ ತಿರುಗಾಮುರುಗಾ ಆಗಿತ್ತು.

ನನ್ನ ಮುಖ ನೋಡಿ ಮಾವಯ್ಯ ನಕ್ಕರು. "ಹೆದರ್ಬೇಡ ಮಾಣಿ. ನಂಗೂ ಸುರುವಿಗೆ ಹಾಂಗೇ ಆಯ್ತ್. ಇಲ್ಲಿ ಕಡಲ್ ಉಲ್ಟಾ ಇತ್ತ್, ಅಷ್ಟೇ."

ಮಾವಯ್ಯ ಎಂದರೆ ನನ್ನ ಅಮ್ಮನ ಅಣ್ಣ, ಅನಂತಯ್ಯ. ಹೆಂಡತಿ ತೀರಿಕೊಂಡ ಮೇಲೆ ಊರು ಬಿಟ್ಟು ಬಂದು, ಈ ಹೋಟೆಲಿನ ಮುಖ್ಯ ಅಡುಗೆಯವರಾಗಿದ್ದರು. ಮಕ್ಕಳಿರಲಿಲ್ಲ, ಬಡಿಸುವ ಕೆಲಸಕ್ಕೆಂದು ನನ್ನನ್ನು ಕರೆಸಿಕೊಂಡಿದ್ದರು. ಊರಲ್ಲಾದರೆ ಸಂಜೆಯ ಸಂಧ್ಯಾವಂದನೆಗೆ ಕಡಲಿಗೆ ಮುಖ ಮಾಡಬೇಕು, ಇಲ್ಲಿ ಬೆಳಗಿನದಕ್ಕೆ. ಅದನ್ನು ಅವರು ನನಗೆ ಅವತ್ತೇ, ಮರಳಿನಲ್ಲೇ ಕೂರಿಸಿ ಹೇಳಿಕೊಟ್ಟರು. ಆಗ ನಮ್ಮ ಜಿಲ್ಲೆಯೂ ಮದರಾಸು ರಾಜ್ಯದಲ್ಲೇ ಇದ್ದುದರಿಂದ, ಲೆಕ್ಕಕ್ಕೆ ನಾನು ಊರು ಬಿಟ್ಟಿದ್ದೆನೇ ಹೊರತು ರಾಜ್ಯ ಬಿಟ್ಟಿರಲಿಲ್ಲ. ಎರಡು ವರ್ಷದಲ್ಲಿ ಗಡಿ ಬದಲಾಗಿ, ಇದ್ದಲ್ಲೇ ಇದ್ದು ನಾನು ಹೊರರಾಜ್ಯದವನಾದೆ.

ಊರಲ್ಲಿ ಕುಚ್ಚಲಕ್ಕಿ ಗಂಜಿ ಉಂಡು ಬೆಳೆದ ಹೊಟ್ಟೆಗೆ ಇಲ್ಲಿಯ ಬಿಳಿ ಬೆಳ್ತಿಗೆ ಅನ್ನ ಹಿಡಿಸಲಿಲ್ಲ. ಉಂಡ ಸ್ವಲ್ಪ ಹೊತ್ತಿಗೆ ಮತ್ತೆ ಹಸಿವು. ಅಲ್ಲಿ ಬಾವಿಗೆ ಕೊಡಪಾನ ಇಳಿಸಿದರಾಯಿತು, ಇಲ್ಲಿ ಕೈಪಂಪಿನ ಮುಂದೆ ಸಾಲು. ಅಲ್ಲಿ ಸೆಕೆಯೆಂದರೆ ಮಳೆ ಬರುವತನಕದ ಮಾತು, ಇಲ್ಲಿ ಸೆಕೆ ಊರಿನ ಖಾಯಂ ನಿವಾಸಿ. ಮಲಗುವುದು ಹೋಟೆಲಿನ ಮೇಲಿನ 'ಮೊಟ್ಟೈ ಮಾಡಿ'ಯಲ್ಲಿ, ಅಂದರೆ ಬರಿಯ ತಾರಸಿಯಲ್ಲಿ. ಮೊದಲ ತಿಂಗಳು ಅಲ್ಲಿ ಮಗ್ಗುಲಾಗಿ ಸದ್ದಿಲ್ಲದೆ ಅತ್ತಿದ್ದೇನೆ. ಮಾವಯ್ಯ ಗೊತ್ತಾಗದವರಂತೆ ಎದ್ದು, ಬೀಸಣಿಗೆ ತಂದು ನನ್ನ ಕಡೆಗೆ ಬೀಸುತ್ತಾ ಕುಳಿತಿರುತ್ತಿದ್ದರು.

ತಮಿಳನ್ನು ನಾನು ಗಿರಾಕಿಗಳ ಬಾಯಿಯಿಂದ ಕಲಿತೆ. 'ಸಾಪಾಡು' ಎಂದರೆ ಊಟ, 'ತಣ್ಣಿ' ಎಂದರೆ ನೀರು, ಹೀಗೆ ಶುರುವಾಗಿ ಮೂರನೆಯ ವರ್ಷಕ್ಕೆ ಜಗಳವಾಡುವಷ್ಟು ಬಂತು. ಒಮ್ಮೆ ಒಬ್ಬ ಗಿರಾಕಿ ನನ್ನನ್ನು ತಂಜಾವೂರಿನವನೇ ಎಂದು ಕೇಳಿದ. ಆ ದಿನವಿಡೀ ನನ್ನ ಕಾಲು ನೆಲದ ಮೇಲಿರಲಿಲ್ಲ. ಅಷ್ಟು ವರ್ಷ ಇದ್ದೂ ಮಾವಯ್ಯ ಅಡುಗೆಮನೆ ದಾಟಿದವರಲ್ಲ, ಅವರ ತಮಿಳು ತರಕಾರಿ ಹೆಸರುಗಳಿಗೆ ಮುಗಿಯುತ್ತಿತ್ತು. ಹೋಟೆಲಿನ ಧಣಿಗಳು, ಅವರೂ ನಮ್ಮೂರ ಕಡೆಯವರೇ, ನನ್ನನ್ನು ಮೇಲ್ವಿಚಾರಕನನ್ನಾಗಿ ಮಾಡಿದರು. ಊರಲ್ಲಿ ಅಮ್ಮ ನನಗೆ ಹೆಣ್ಣು ನೋಡತೊಡಗಿದಳು.

ಮಾವಯ್ಯನಿಗೆ ಮರೆವು ಹಿಡಿದದ್ದು ಆ ಹೊತ್ತಿಗೆ. ಮೊದಮೊದಲು ಸಾಂಬಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ದೇವರಿಗೆ ನೈವೇದ್ಯವಾಗುವ ಮೊದಲು ನಮ್ಮವರು ರುಚಿ ನೋಡುವುದಿಲ್ಲವಲ್ಲ, ಗಿರಾಕಿ ಎಲೆಯಿಂದ ಎದ್ದಾಗಲೇ ಗೊತ್ತಾಗುವುದು. ಧಣಿಗಳು ನಯವಾಗಿ ಅವರನ್ನು ತರಕಾರಿ ಹೆಚ್ಚಲು ಕೂರಿಸಿದರು. ಆಮೇಲೆ ಮೆಟ್ಟುಕತ್ತಿಯ ಮುಂದೆ ಕುಳಿತು, ಕೈಯಲ್ಲಿದ್ದ ಸೌತೆಕಾಯಿಯನ್ನು ಏನು ಮಾಡಬೇಕೆಂದು ತಿಳಿಯದೆ ನೋಡುತ್ತಿರುವುದು ಶುರುವಾಯಿತು.

ಒಂದು ಬೆಳಿಗ್ಗೆ ತಿಂಡಿಯ ಗಲಾಟೆಯ ಹೊತ್ತು. ಮಾವಯ್ಯ ಕಡಲ ಕರೆಯಿಂದ ಒದ್ದೆ ಪಂಚೆಯಲ್ಲೇ ಬಂದು, ದೇವರ ಮುಂದಿನ ದೀಪ ಎತ್ತಿಕೊಂಡು ಗಿರಾಕಿಗಳ ನಡುವೆ ನಿಂತರು. "ಹೊತ್ತ್ ಕಂತ್ತ್ ಮಾಣಿ. ದೀಪ ಹಚ್ಚಿ ಮನಿಗೆ ಹ್ವಾಪ. ಅಮ್ಮ ಕಾಯ್ತಾ ಇರತ್ತ್." ಕಡಲಿನ ಮೇಲೆ ಸೂರ್ಯನನ್ನು ಕಂಡು ಬಂದಿದ್ದರು. ಅವರ ಮಟ್ಟಿಗೆ ಹೊತ್ತು ಮುಳುಗಿ ಸಂಜೆಯಾಗಿತ್ತು. ಯಾರೋ 'ಪೈತ್ತಿಯಂ' ಎಂದರು. ಹುಚ್ಚ ಎಂದರ್ಥ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗುವನ್ನು ನೆನೆದರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ.

ಅದು ವಾರಕ್ಕೆ ಎರಡು ಮೂರು ಸಲ ಆಗತೊಡಗಿದಾಗ ಧಣಿಗಳು ಕರೆದರು. "ಕಾಣ್, ನಿನ್ನ ಮಾವಯ್ಯ ನಂಗೂ ಅಣ್ಣ ಇದ್ದಾಂಗೆ. ಆದ್ರೆ ಹೋಟ್ಲ್ ನಡೀಕಲ್ದಾ? ಎಂತಾರೂ ಒಂದ್ ವ್ಯವಸ್ಥೆ ಮಾಡ್." ದಾರಿಗಳಿರಲಿಲ್ಲವೆಂದಲ್ಲ. ಹೊರಗೊಂದು ಕೋಣೆ ಹಿಡಿದು, ಮೇಲ್ವಿಚಾರಕನ ಕೆಲಸ ಬಿಟ್ಟು, ಸಣ್ಣ ಕೆಲಸ ಮಾಡಿಕೊಂಡು ಜೊತೆಗಿರಬಹುದಿತ್ತು. ಅಮ್ಮನ ಬಳಿಗೆ ಊರಿಗೆ ಬಿಟ್ಟು ಬರಬಹುದಿತ್ತು. ಕೆಲಸ ಬಿಡಲು ಮನಸ್ಸಾಗಲಿಲ್ಲ. ಊರಿಗೆ ಕರೆದೊಯ್ದರೆ ಸೋದರಮಾವನಿಗೆ ಹುಚ್ಚೆಂಬ ಸುದ್ದಿ ಹಬ್ಬಿ ಹೆಣ್ಣು ಕೊಡುವವರು ಹಿಂದೆ ಸರಿದಾರು ಎಂದು ಹೆದರಿದೆ. ಇಷ್ಟನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಅವರನ್ನು ಮನೋರೋಗದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ತಮಿಳರು, ಚಿಕ್ಕ ವಯಸ್ಸು, ಮೃದು ಮಾತು. ಮಾವಯ್ಯನ ಕೈ ಹಿಡಿದು ಬೆಂಚಿನ ಮೇಲೆ ತಾವೇ ಕೂರಿಸಿದರು. ಆಮೇಲೆ ನನಗೆ ಹೇಳಿದರು: ಇದು ಹುಚ್ಚಲ್ಲ, ವಯಸ್ಸಾದಾಗ ಮಿದುಳು ಸವೆದು ಬರುವ 'ಮರದಿ', ಅಂದರೆ ಮರೆವು. ಇದಕ್ಕೆ ಮದ್ದಿಲ್ಲ. ಗೊತ್ತಿರುವ ಮುಖ, ಗೊತ್ತಿರುವ ಊಟ, ಗೊತ್ತಿರುವ ಜಾಗ, ಇವೇ ಚಿಕಿತ್ಸೆ. ದಿಕ್ಕು, ಹೊತ್ತು ಸ್ವಲ್ಪವಾದರೂ ತಿಳಿಯುವಂತಿದ್ದರೆ ಮನೆಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ಪೂರ್ತಿ ತಪ್ಪಿಹೋಗಿದ್ದರೆ ಬೀದಿಪಾಲಾಗುತ್ತಾರೆ, ಇಲ್ಲಿ ಸೇರಿಸಿಕೊಳ್ಳುತ್ತೇವೆ.

ಪ್ರಶ್ನೆಗಳನ್ನು ಅವರು ತಮಿಳಿನಲ್ಲಿ ಕೇಳುವುದು, ನಾನು ಕನ್ನಡಕ್ಕೆ ಮಾಡುವುದು. ಮಾವಯ್ಯ ತಮ್ಮ ಹೆಸರು ಸರಿಯಾಗಿ ಹೇಳಿದರು. ಬೆಳಿಗ್ಗೆ ಏನು ತಿಂದಿರೆಂದರೆ ನನ್ನ ಮುಖ ನೋಡಿದರು. ಕೊನೆಗೆ ಡಾಕ್ಟರು, ಸೂರ್ಯ ಎಲ್ಲಿ ಹುಟ್ಟುತ್ತಾನೆ ಎಂದು ಕೇಳಿದರು.

"ಗುಡ್ಡಿ ಹಿಂದೆ," ಎಂದರು ಮಾವಯ್ಯ, ತಟ್ಟನೆ.

"ಮುಳುಗುವುದು?"

"ಕಡಲಲ್ಲಿ. ಮತ್ತೆಲ್ಲಿ?" ಇಂಥ ಪ್ರಶ್ನೆಯೂ ಒಂದು ಪ್ರಶ್ನೆಯೇ ಎಂಬಂತೆ ನನ್ನ ಕಡೆ ನೋಡಿ ನಕ್ಕರು. ಎಷ್ಟೋ ದಿನದ ಮೇಲೆ ಒಂದು ಉತ್ತರ ಸರಿಯಾಗಿ ಬಂದ ಸಂತೋಷ ಆ ಮುಖದಲ್ಲಿತ್ತು.

ನಾನು ಒಂದಕ್ಷರ ಬಿಡದೆ ತಮಿಳಿಗೆ ಮಾಡಿದೆ. ಡಾಕ್ಟರು ತಲೆಯಾಡಿಸಿದರು. ಇಷ್ಟು ವರ್ಷ ಮದರಾಸಿನಲ್ಲಿದ್ದು ಸೂರ್ಯ ಕಡಲಲ್ಲಿ ಮುಳುಗುತ್ತಾನೆ ಎನ್ನುತ್ತಾರಲ್ಲ, ಪಾಪ, ದಿಕ್ಕೇ ತಪ್ಪಿಹೋಗಿದೆ, ಅಲ್ಲವೇ ಎಂದು ನನ್ನನ್ನು ಕೇಳಿದರು.

ನಮ್ಮ ಕಡಲು ಪಡುವಣಕ್ಕಿದೆ ಸಾರ್, ಇವರು ಹೇಳಿದ್ದು ಸರಿ ಎಂಬ ಒಂದು ಮಾತು ಹೇಳಬೇಕಿತ್ತು. ತಂಜಾವೂರಿನವನೇ ಎಂದು ಕೇಳಿಸಿಕೊಂಡ ತಮಿಳು ನನ್ನದು, ಮಾತು ಬಾರದೆ ಸುಮ್ಮನಿದ್ದೆ ಎನ್ನುವಂತಿಲ್ಲ. "ಆಮಾಂ ಸಾರ್," ಎಂದೆ. ಹೌದು ಸಾರ್ ಎಂದೆ. ಡಾಕ್ಟರು ಬರೆದುಕೊಂಡರು. ಸೇರಿಸುವ ಕಾಗದಕ್ಕೆ ನಾನು ಸಹಿ ಹಾಕಿದೆ.

ಹೊರಡುವಾಗ ಮಾವಯ್ಯ ನನ್ನ ಅಂಗಿಯ ತುದಿ ಹಿಡಿದು, "ಹೊತ್ತ್ ಕಂತುದ್ರೊಳ್ಗೆ ಬಾ ಮಾಣಿ," ಎಂದರು. "ಬತ್ತೆ," ಎಂದೆ.

ಹೋಗಲಿಲ್ಲ ಎಂದಲ್ಲ. ಗುರುವಾರಗಳಲ್ಲಿ ಊರಿನಿಂದ ತರಿಸಿದ ಕುಚ್ಚಲಕ್ಕಿಯ ಗಂಜಿ ತೆಗೆದುಕೊಂಡು ಹೋಗುತ್ತಿದ್ದೆ. ಅಲ್ಲಿಯವರು ಅವರನ್ನು 'ತಾತಾ' ಎಂದು ಅಕ್ಕರೆಯಿಂದಲೇ ನೋಡಿಕೊಳ್ಳುತ್ತಿದ್ದರು. ಆದರೆ ಅವರಾಡುವುದು ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಗೋಡೆಯ ಕಡೆಗೆ ಮುಖ ಮಾಡಿ ಕುಳಿತು, "ಇಲ್ಲಿ ಕಡಲೇ ಇಲ್ಲ ಮಾಣಿ, ಹೊತ್ತೇ ಗೊತ್ತಾತಿಲ್ಲ," ಎನ್ನುತ್ತಿದ್ದರು. ಬರಬರುತ್ತಾ ಆ ಮಾತೂ ನಿಂತಿತು. ಆಮೇಲೆ ನನ್ನ ಗುರುವಾರಗಳೂ ತಪ್ಪತೊಡಗಿದವು. ಎರಡನೆಯ ಮಳೆಗಾಲದಲ್ಲಿ ಅವರು ತೀರಿಕೊಂಡರು. ಜ್ವರ ಬಂದು ಹೋದರೆಂದು ಅಮ್ಮನಿಗೆ ಬರೆದೆ. ಆ ಹೊತ್ತಿಗೆ ನನ್ನ ಮದುವೆ ಆಗಿತ್ತು. ಅಮ್ಮ ಈಗಿಲ್ಲ. ಇದನ್ನು ಓದುವ ನನ್ನ ತಂಗಿಗೆ ನಿಜ ತಿಳಿಯುವುದು ಇದೇ ಮೊದಲು.

ನನ್ನ ಮಕ್ಕಳು ಇಲ್ಲಿಯವರು. ನಾನು ಕನ್ನಡದಲ್ಲಿ ಕೇಳಿದರೆ ಅವರು ತಮಿಳಿನಲ್ಲಿ ಉತ್ತರ ಕೊಡುತ್ತಾರೆ. ಊರಿಗೆ ಹೋದರೆ ನಾನು ಮದರಾಸಿನವನು, ಇಲ್ಲಿ 'ಕನ್ನಡಕ್ಕಾರರ್'.

ಕಳೆದ ಸಲ ತಂಗಿಯ ಮನೆಗೆ ಹೋಗಿದ್ದೆ. ಪ್ರಯಾಣದ ಆಯಾಸಕ್ಕೆ ಮಧ್ಯಾಹ್ನ ಊಟ ಮಾಡಿ ಸತ್ತಂತೆ ಮಲಗಿದವನು, ಎಚ್ಚರವಾದಾಗ ಎದ್ದು ಮುಖ ತೊಳೆದು ಕಡಲ ಕರೆಗೆ ನಡೆದೆ. ತಂಗಿ, ಅವಳ ಮಗಳು ಹಿಂದೆ ಬಂದರು. ನೀರಿನ ಅಂಚಿನಲ್ಲಿ ಸೂರ್ಯ ಕೆಂಪಗೆ ನಿಂತಿದ್ದ. ಕುಳಿತು ಆಚಮನ ಮಾಡಿ, ಗಟ್ಟಿಯಾಗಿ ಸಂಕಲ್ಪ ಹೇಳಿದೆ. ಪ್ರಾತಃಸಂಧ್ಯೆ ಎಂದೆ. ಬೆಳಗಿನದು, ಮುಳುಗುವ ಸೂರ್ಯನಿಗೆ.

ಹುಡುಗಿ ಕೈತಟ್ಟಿ ನಕ್ಕಳು. "ಅಮ್ಮಾ, ಮಾವಯ್ಯಂಗೆ ಬೆಳಿಗ್ಗೆ ಯಾವ್ದ್, ಸಂಜಿ ಯಾವ್ದ್ ಅಂಬ್ದೇ ಗೊತ್ತಿಲ್ಲ!" ತಂಗಿಯೂ ನಕ್ಕಳು. ಅಂಗೈಯಲ್ಲಿ ನೀರು ಹಿಡಿದುಕೊಂಡು ನಾನು ಇಬ್ಬರ ಮುಖವನ್ನೂ ನೋಡಿದೆ. ಹಾಂಗಲ್ಲ, ಇವ ಇಪ್ಪಲ್ಲಿ ಕಡಲ್ ಉಲ್ಟಾ ಇತ್ತ್, ಅಷ್ಟೇ ಎಂದು ನನ್ನ ಪರವಾಗಿ ಹೇಳಲು ಅಲ್ಲಿ ಯಾರೂ ಇರಲಿಲ್ಲ.