ಬಿರುಕಿಗೆ ಹಸಿರು ಬಣ್ಣ

ಪುಣೆ ಹತ್ತಿರದ ಚಾಕಣದ ಕಾರ್ಖಾನೆಯೊಂದಕ್ಕೆ ಬಾಯ್ಲರಿನ ಬೆಸುಗೆ ತಪಾಸಣೆಗೆ ಹೋಗಿದ್ದೆ. ಶಬ್ದದ ಅಲೆ ಕಳಿಸಿ ಉಕ್ಕಿನ ಒಳಗನ್ನು ಬಣ್ಣದ ಚಿತ್ರವಾಗಿ ತೋರಿಸುವ ಹೊಸ ಯಂತ್ರ ಒಯ್ದಿದ್ದೆ. ಪರದೆಯ ಮೇಲೆ ಬಿರುಕೊಂದು ಕೆಂಪಗೆ ಮೂಡಿತು.

ವಿಜಯಪುರ ಕಡೆಯ ಮ್ಯಾನೇಜರ್ ದೇಸಾಯರು ಬಗ್ಗಿ ನೋಡಿದರು. "ಇದನ್ನ ಹಸಿರು ಮಾಡ್ಲಿಕ್ಕೆ ಬರ್ತದೇನ್ರಿ? ನಾಳೆ ಮಾಲಕ್ರು ಬರೋರಿದ್ದಾರ."

"ಬಣ್ಣ ಬದಲಾಗ್ತದ್ರಿ, ಬಿರುಕು ಹಂಗೇ ಇರ್ತದ. ಉಗಿ ಏರಿದ್ರ ಬಾಯ್ಲರ್ ಒಡೀತದ, ಮಂದಿ ಸಾಯ್ತಾರ."

ದೇಸಾಯರು ಕೂಡಲೇ ಬಾಯ್ಲರ್ ಬಂದ್ ಮಾಡಿಸಿದರು. ನಾನು ಹೊರಟಾಗ ಚಹಾ ಕುಡಿಸಿ, "ಮುಂದಿನ ಸಲ ಹಳೇ ಮಷಿನ್ನೇ ತರ್ರಿ," ಎಂದರು. "ಅದರಾಗ ಬರೀ ಗೆರಿ ಕುಣೀತಿದ್ವು. ನಿಮ್ಮನ್ನ ಬಿಟ್ರ ಯಾರಿಗೂ ತಿಳೀತಿರಲಿಲ್ಲ."

ವಿಜ್ಞಾನ ಮುಂದುವರಿದರೆ ಇದೇ ತೊಂದರೆ, ಮಾಲೀಕರಿಗೂ ಅರ್ಥವಾಗಿಬಿಡುತ್ತದೆ ನೋಡಿ.